ಕತ್ತಿಗೆ ‘ಪ್ಲಸ್ ಒಂಬತ್ತು’ ಹಾಕೋ ಮುಂಚೆ ಈ ಲೆಕ್ಕ ಕೇಳಿ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡ್ರಾ? ಬಸ್ಸಲ್ಲಿದ್ರೆ ಕಿಟಕಿ ಪಕ್ಕ ಸೀಟ್ ಸಿಕ್ತಾ? ಸರಿ, ಶುರು ಮಾಡೋಣ.

ಈ ವಾರ ಎರಡು ವಾಯ್ಸ್ ಮೆಸೇಜ್ ಬಂದಿದ್ವು. ಮೊದಲನೇದು ಕೆ.ಆರ್. ಪೇಟೆಯಿಂದ, ಪಿಯುಸಿ ಓದ್ತಿರೋ ಹುಡುಗ. “ಅಣ್ಣಾ, ನನ್ನತ್ರ ಅಪ್‌ಗ್ರೇಡ್ ಕಲ್ಲು ಒಸಿ ಐತೆ. ಕತ್ತಿಗೆ ಹಾಕ್ಲಾ, ಕವಚಕ್ಕೆ ಹಾಕ್ಲಾ? ಬಾಸ್ ತಾವ್ಕೆ ಹೋದ್ರೆ ಎರಡೇ ಏಟಿಗೆ ಸತ್ತೋಯ್ತೀನಿ.” ಎರಡನೇದು ನಾಗಮಂಗಲದಿಂದ, ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋ ಒಬ್ಬ ತಂಗಿ. “ಅಣ್ಣ, ನನ್ನ ಬ್ಯಾಗಲ್ಲಿ ನೂರಾರು ಪೋಶನ್ ಇದಾವೆ. ಒಂದನ್ನೂ ಕುಡಿಯೋಕೆ ಮನಸ್ಸು ಬರಲ್ಲ. ಇದೇನು ಕಾಯಿಲೆನಾ?”

ಕಾಯಿಲೆ ಅಲ್ಲ ಕಣಮ್ಮ, ನಮ್ಮೆಲ್ರಿಗೂ ಇದೆ. ಇಬ್ರಿಗೂ ಇವತ್ತು ಉತ್ತರ ಕೊಡ್ತೀನಿ. ಜೊತೆಗೆ ಮೂರನೇ ಪ್ರಶ್ನೆ ನನ್ನದೇ ಒಂದಿದೆ. ಡಿಗ್ರಿ ಓದುವಾಗ ಒಂದು ರಾತ್ರಿಯಲ್ಲಿ 2,360 ರೂಪಾಯಿ ಒಂದು ಕತ್ತಿಗೆ ಸುರಿದೆ. ಆ ಕತ್ತಿ ಈಗ ಇಲ್ಲ. ಅದು ಯಾಕಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ಈ ಆಟಗಳನ್ನ ಆಡದೇ ಇರೋರಿಗೆ ಎರಡು ಸಾಲು. ಫ್ಯಾಂಟಸಿ ಆರ್‌ಪಿಜಿ ಅಂದ್ರೆ ನೀವು ಒಬ್ಬ ವೀರನ ಪಾತ್ರ ವಹಿಸಿಕೊಂಡು ರಾಕ್ಷಸರು, ಡ್ರ್ಯಾಗನ್‌ಗಳು ಇರೋ ಲೋಕದಲ್ಲಿ ತಿರುಗೋ ಆಟ. ಕೈಯಲ್ಲಿ ಆಯುಧ, ಮೈಮೇಲೆ ಕವಚ, ಚೀಲದಲ್ಲಿ ಪೋಶನ್, ಅಂದ್ರೆ ಕುಡಿದರೆ ಗಾಯ ವಾಸಿಯಾಗುವ ಅಥವಾ ಸ್ವಲ್ಪ ಹೊತ್ತು ಬಲ ಹೆಚ್ಚಿಸುವ ಔಷಧಿ. ಮುಂದೆ ಹೋದಂಗೆಲ್ಲ ಶತ್ರುಗಳು ಗಟ್ಟಿಯಾಗ್ತಾರೆ, ಹಾಗಾಗಿ ನಿಮ್ಮ ಸಾಮಾನನ್ನೂ ಗಟ್ಟಿ ಮಾಡ್ಕೋಬೇಕು. ಅದಕ್ಕೇ ಅಪ್‌ಗ್ರೇಡ್ ಅನ್ನೋದು. ಕತ್ತಿ ಹೆಸರಿನ ಪಕ್ಕ +1, +2 ಅಂತ ಬರುತ್ತಲ್ಲ, ಅದೇ.

ಎಲ್ಲ ಆಟದಲ್ಲೂ ಅಪ್‌ಗ್ರೇಡ್ ಸಾಮಾನು ಕಡಿಮೆ, ಆಸೆ ಜಾಸ್ತಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಈಗ ಸಿಕ್ಕಿಹಾಕ್ಕೊಂಡಿರೋದು ಎಲ್ಲಿ? ಅಲ್ಲಿಗೆ ಹಾಕಿದ ಒಂದು ಕಲ್ಲು, ಬೇರೆ ಕಡೆ ಹಾಕಿದ ಹತ್ತು ಕಲ್ಲಿಗೆ ಸಮ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಮೊದಲು ಫೋನ್ ಪಕ್ಕಕ್ಕಿಟ್ಟು ಶ್ರೀರಂಗಪಟ್ಟಣಕ್ಕೆ ಹೋಗೋಣ.

ಶ್ರೀರಂಗಪಟ್ಟಣದ ಅಸಲಿ ಅಪ್‌ಗ್ರೇಡ್

ಸ್ಕೂಲ್ ಟ್ರಿಪ್‌ನಲ್ಲಿ ನಾವೆಲ್ಲ ದರಿಯಾ ದೌಲತ್ ನೋಡಿರ್ತೀವಿ. 1784ರಲ್ಲಿ ಕಟ್ಟಿಸಿದ ಅರಮನೆ. ಗೋಡೆ ಮೇಲೆ ದೊಡ್ಡದೊಂದು ಯುದ್ಧದ ಚಿತ್ರ ಇದೆ. ಅದು 1780ರ ಸೆಪ್ಟೆಂಬರ್ 10ರಂದು ಕಂಚೀಪುರಂ ಹತ್ತಿರ ನಡೆದ ಪೊಳ್ಳಿಲೂರು ಕದನ. ಹೈದರ್ ಅಲಿ ಮತ್ತು ಟಿಪ್ಪು ಕಡೆಯ ಸೈನ್ಯ ಕರ್ನಲ್ ಬೇಯ್ಲಿಯ ಬ್ರಿಟಿಷ್ ಪಡೆಯನ್ನು ಸೋಲಿಸಿದ್ದು ಅಲ್ಲಿ. ಮೈಸೂರಿನ ರಾಕೆಟ್ ಬಿದ್ದು ಬ್ರಿಟಿಷರ ಮದ್ದಿನ ಗಾಡಿಗಳು ಸಿಡಿದವು ಅಂತ ಆ ಕದನದ ಬಗ್ಗೆ ಹೇಳ್ತಾರೆ.

ರಾಕೆಟ್ ಅನ್ನೋದು ಆಗ ಹೊಸ ವಸ್ತುವಲ್ಲ. ಮದ್ದು ತುಂಬಿದ ಬಾಣ ಅದಕ್ಕೂ ಎಷ್ಟೋ ಶತಮಾನ ಮುಂಚೆಯೇ ಇತ್ತು. ಮೈಸೂರಿನವರು ಮಾಡಿದ ಬದಲಾವಣೆ ಕೊಳವೆಯದು. ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ಉರಿದರೆ, ಒಳಗಿನ ಒತ್ತಡ ಒಂದು ಮಟ್ಟ ದಾಟಿದ ಕೂಡಲೇ ಕೊಳವೆಯೇ ಹರಿದುಹೋಗುತ್ತೆ. ಹಾಗಾಗಿ ಮದ್ದು ಎಷ್ಟೇ ಒಳ್ಳೆಯದಿದ್ರೂ ಪ್ರಯೋಜನ ಇಲ್ಲ. ಇವರು ಕಬ್ಬಿಣದ ಕೊಳವೆ ಮಾಡಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಅನಿಲ ಹಿಂದಿನಿಂದ ಜೋರಾಗಿ ನುಗ್ಗುತ್ತೆ, ರಾಕೆಟ್ ದೂರ ಹೋಗುತ್ತೆ. ಸುಮಾರು 2 ಕಿಲೋಮೀಟರ್‌ವರೆಗೆ ಹೋಗ್ತಿತ್ತು ಅಂತ ಇತಿಹಾಸದ ಪುಸ್ತಕಗಳು ಹೇಳುತ್ತವೆ. ದಿಕ್ಕು ತಪ್ಪದಿರಲಿ ಅಂತ ಉದ್ದನೆಯ ಬಿದಿರು ಕಟ್ತಿದ್ರು, ಕೆಲವಕ್ಕೆ ಕತ್ತಿಯ ಅಲಗನ್ನೇ ಕಟ್ತಿದ್ರು.

ಇಲ್ಲಿ ಗಮನಿಸಿ. ಮದ್ದನ್ನ ಅಪ್‌ಗ್ರೇಡ್ ಮಾಡೋಕೆ ವರ್ಷಗಟ್ಟಲೆ ಕೂತಿದ್ರೆ ಇಷ್ಟು ಫಲ ಸಿಗ್ತಿರಲಿಲ್ಲ, ಯಾಕಂದ್ರೆ ಕಟ್ಟಿಹಾಕಿದ್ದು ಕೊಳವೆ. ಅದನ್ನ ಬದಲಾಯಿಸಿದ ಕೂಡಲೇ ಇದ್ದ ಮದ್ದಿಗೇ ಬಲ ಬಂತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸಿಕ್ಕಿದ ರಾಕೆಟ್‌ಗಳನ್ನ ಬ್ರಿಟಿಷರು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅನ್ನೋರು ವುಲಿಚ್‌ನ ಶಸ್ತ್ರಾಗಾರದಲ್ಲಿ ಇದನ್ನೇ ಇನ್ನಷ್ಟು ತಿದ್ದಿ ತೀಡಿ ತಮ್ಮ ರಾಕೆಟ್ ಮಾಡಿದರು. 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವೇ ಬಿದ್ದವು. ಅಂದ್ರೆ ನಮ್ಮ +1 ಸಾಮಾನನ್ನ ಎದುರಾಳಿ ಲೂಟಿ ಮಾಡಿ +5 ಮಾಡ್ಕೊಂಡ.

ಇದೆಲ್ಲ ಬರೀ ಕಥೆ ಅಂದ್ಕೋಬೇಡಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದವು. ಇತ್ತ ಶ್ರೀರಂಗಪಟ್ಟಣ ರೈಲ್ವೆ ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಮದ್ದಿನ ಮನೆ ಜೋಡಿ ರೈಲು ಮಾರ್ಗಕ್ಕೆ ಅಡ್ಡ ಬಂದಿತ್ತು. ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ, 2017ರಲ್ಲಿ ನೂರು ಮೀಟರ್‌ನಷ್ಟು ಆಚೆಗೆ ಸರಿಸಿದರು. ಮುಂದಿನ ಸಲ ಮೈಸೂರು ಟ್ರೇನಲ್ಲಿ ಹೋಗುವಾಗ ಫೋನಿಂದ ತಲೆ ಎತ್ತಿ ನೋಡಿ.

ಸರಿ, ಈಗ ಆಟಕ್ಕೆ ವಾಪಸ್.

ಆಯುಧ: +20 ಅಂದ್ರೆ ಎಷ್ಟು?

ಅಂಗಡಿಯಲ್ಲಿ ‘ದಾಳಿ +20’ ಅಂತ ಬರೆದಿರುತ್ತೆ. ಅದು ಜಾಸ್ತಿಯೋ ಕಮ್ಮಿಯೋ? ಆ ಸಂಖ್ಯೆ ಒಂದನ್ನೇ ನೋಡಿ ಹೇಳೋಕಾಗಲ್ಲ. ನಿಮ್ಮ ದಾಳಿ ಈಗ 100 ಇದ್ರೆ 20 ಅಂದ್ರೆ ಶೇ. 20 ಹೆಚ್ಚಳ. ಈಗಾಗ್ಲೇ 400 ಇದ್ರೆ ಶೇ. 5 ಮಾತ್ರ. ಕಲ್ಲು ಅಷ್ಟೇ, ಫಲ ಕಾಲು ಭಾಗ. ಪಿಯುಸಿ ಅರ್ಥಶಾಸ್ತ್ರದಲ್ಲಿ ಓದಿರ್ತೀರಲ್ಲ, ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ? ಮೊದಲನೇ ಹೋಳಿಗೆ ಅಮೃತ, ಆರನೇ ಹೋಳಿಗೆ ಶಿಕ್ಷೆ. ಇದೂ ಅದೇ ಜಾತಿ.

ಆದ್ರೆ ಆಟ ಲೆಕ್ಕ ಹಾಕೋ ರೀತಿ ಬೇರೆ ಆದ್ರೆ ಈ ಉತ್ತರವೂ ತಲೆಕೆಳಗಾಗುತ್ತೆ. ಕೆಲವು ಆಟಗಳು ನಿಮ್ಮ ದಾಳಿಯಿಂದ ಶತ್ರುವಿನ ರಕ್ಷಣೆಯನ್ನು ಕಳೆಯುತ್ತವೆ. ನಿಮ್ಮ ದಾಳಿ 100, ಅವನ ರಕ್ಷಣೆ 80 ಅಂದ್ಕೊಳ್ಳಿ. ಏಟಿಗೆ 20 ಬೀಳುತ್ತೆ. ಈಗ +20 ಹಾಕಿದ್ರೆ 120ರಲ್ಲಿ 80 ಹೋದ್ರೆ 40. ಏಟು ಎರಡು ಪಟ್ಟಾಯ್ತು! ಅಂಗಡಿಯಲ್ಲಿ ನೋಡುವಾಗ ಬರೀ ಶೇ. 20 ಅನ್ನಿಸಿದ್ದು, ಯುದ್ಧದಲ್ಲಿ ಶೇ. 100. ಅದಕ್ಕೇ ನಾನು ಹೇಳೋದು, ಅಪ್‌ಗ್ರೇಡ್ ಮಾಡೋ ಮುಂಚೆ ಒಂದು ಶತ್ರುಗೆ ಒಂದು ಏಟು ಹೊಡೆದು ಸಂಖ್ಯೆ ಬರ್ಕೊಳ್ಳಿ, ಮಾಡಿದ ಮೇಲೆ ಅದೇ ಶತ್ರುಗೆ ಇನ್ನೊಂದು ಏಟು ಹೊಡೀರಿ. ಆ ವ್ಯತ್ಯಾಸವೇ ನಿಮ್ಮ ಲಾಭ.

ಇನ್ನೊಂದು ವಿಷಯ ಏಣಿ. 2022ರಲ್ಲಿ ಬಂದ ಎಲ್ಡನ್ ರಿಂಗ್‌ನಲ್ಲಿ ಸಾಧಾರಣ ಆಯುಧಗಳಿಗೆ +25ರವರೆಗೆ ಮೆಟ್ಟಿಲು, ವಿಶೇಷ ಆಯುಧಗಳಿಗೆ +10ರವರೆಗೆ. ಎರಡಕ್ಕೂ ಬೇರೆ ಬೇರೆ ಜಾತಿಯ ಕಲ್ಲು. +10 ನೋಡಿ ‘ಅಯ್ಯೋ, +25ಕ್ಕಿಂತ ಕಮ್ಮಿ’ ಅಂತ ಬಿಸಾಕಿದ್ರೆ ಮೋಸ ಹೋಗ್ತೀರಿ. ಅಲ್ಲಿ ಒಂದೊಂದು ಮೆಟ್ಟಿಲೂ ಎತ್ತರ. ಈ ಆಟಗಳಲ್ಲಿ ಸಣ್ಣ ದರ್ಜೆಯ ಕಲ್ಲು ಎಲ್ಲೆಲ್ಲೂ ಸಿಗುತ್ತೆ, ದೊಡ್ಡ ದರ್ಜೆಯದು ಅಪರೂಪ. ಹಾಗಾಗಿ ಸಣ್ಣ ಕಲ್ಲನ್ನು ನಾಲ್ಕು ಆಯುಧಕ್ಕೆ ಹಾಕಿ ಪ್ರಯೋಗ ಮಾಡಿ, ಪರವಾಗಿಲ್ಲ. ದೊಡ್ಡ ಕಲ್ಲನ್ನು ಕೈಗೆ ಒಗ್ಗಿದ ಒಂದೇ ಆಯುಧಕ್ಕೆ ಎತ್ತಿಡಿ.

ಕೈಗೆ ಒಗ್ಗಿದ್ದು ಅಂದೆ. ನಮ್ಮ ಕಡೆ ಕಬ್ಬು ಕಡಿಯೋರನ್ನ ನೋಡಿ. ಹಳೇ ಮಚ್ಚನ್ನೇ ಕುಲುಮೆಗೆ ಒಯ್ದು ತಟ್ಟಿಸಿ, ಸಾಣೆ ಹಿಡಿಸಿ ತರ್ತಾರೆ. ಪೇಟೆಯಲ್ಲಿ ಹೊಳೆಯೋ ಹೊಸ ಮಚ್ಚು ಸಿಗುತ್ತೆ. ಆದ್ರೂ ಹಳೇದರ ತೂಕ ಕೈಗೆ ಗೊತ್ತು. ಕುಲುಮೆಯವರಿಗೆ ಇನ್ನೊಂದು ವಿಷಯನೂ ಗೊತ್ತು. ಉಕ್ಕನ್ನ ಕಾಯಿಸಿ ನೀರಿಗೆ ಅದ್ದಿದ್ರೆ ಗಡಸು ಬರುತ್ತೆ, ಆದ್ರೆ ಅತಿಯಾದ್ರೆ ಅಲಗು ಬಿರುಸಾಗಿ ಚಕ್ಕೆ ಹಾರುತ್ತೆ. ಏನೋ ಒಂದು ಬಂದ್ರೆ ಇನ್ನೊಂದು ಹೋಗುತ್ತೆ. ಒಳ್ಳೆ ಆಟಗಳಲ್ಲೂ ಹಾಗೇ. ಭಾರದ ಕೊಡಲಿ ತಗೊಂಡ್ರೆ ಏಟು ಜೋರು, ಬೀಸೋದು ನಿಧಾನ. ಅದಕ್ಕೆ ಮದ್ದು ಕಲ್ಲಲ್ಲಿಲ್ಲ.

ಕವಚ: 90ಕ್ಕೂ 95ಕ್ಕೂ ಅಜಗಜಾಂತರ

ಕೆ.ಆರ್. ಪೇಟೆ ತಮ್ಮ, ಈಗ ನಿನ್ನ ಪ್ರಶ್ನೆಗೆ ಬರ್ತಿದ್ದೀನಿ.

ಕವಚದ ಲೆಕ್ಕ ಆಯುಧಕ್ಕಿಂತ ವಿಚಿತ್ರ. ಎಷ್ಟೋ ಆಟಗಳಲ್ಲಿ ಕವಚ ಅಂದ್ರೆ ‘ಬರೋ ಏಟಲ್ಲಿ ಶೇಕಡಾ ಇಷ್ಟು ಕಡಿತ’. ಕಡಿತ ಶೇ. 50ರಿಂದ 60ಕ್ಕೆ ಏರಿತು ಅಂದ್ಕೊಳ್ಳಿ. ನೂರರ ಏಟಿಗೆ ಮೊದಲು 50 ತಾಗ್ತಿತ್ತು, ಈಗ 40. ಅಂದ್ರೆ ಐದರಲ್ಲಿ ಒಂದು ಭಾಗ ಉಳೀತು. ಈಗ ಶೇ. 90ರಿಂದ 95ಕ್ಕೆ ಏರಿತು ಅನ್ನಿ. ನೋಡೋಕೆ ಬರೀ 5. ಆದ್ರೆ ತಾಗ್ತಿದ್ದದ್ದು 10, ಈಗ 5. ಅರ್ಧಕ್ಕರ್ಧ ಕಮ್ಮಿ! ಮೇಲೆ ಹೋದಂಗೆಲ್ಲ ಸಣ್ಣ ಸಂಖ್ಯೆಗೆ ದೊಡ್ಡ ಬೆಲೆ.

ಇದನ್ನ ತಡೆಯೋಕೆ ಕೆಲವು ಆಟ ಮಾಡೋರು ಇನ್ನೊಂದು ಸೂತ್ರ ಇಡ್ತಾರೆ. ಕವಚವನ್ನು ‘ಕವಚ ಕೂಡಿಸು 100’ರಿಂದ ಭಾಗಿಸಿದ್ರೆ ಕಡಿತ ಸಿಗುತ್ತೆ. ಕವಚ 100 ಇದ್ರೆ ಶೇ. 50, 200 ಇದ್ರೆ ಸುಮಾರು ಶೇ. 67, 300 ಇದ್ರೆ ಶೇ. 75. ನೋಡಿದ್ರೆ ಏರಿಕೆ ಕಮ್ಮಿ ಆಗ್ತಾ ಹೋಗ್ತಿದೆ ಅನ್ಸುತ್ತೆ. ಆದ್ರೆ ನಿಮ್ಮ ಜೀವ 1,000 ಇದೆ ಅಂತಿಟ್ಕೊಂಡು ‘ನಾನು ಸಾಯೋ ಮುಂಚೆ ಒಟ್ಟು ಎಷ್ಟು ಏಟು ತಡೀತೀನಿ’ ಅಂತ ನೋಡಿ. ಕವಚ 100 ಇದ್ರೆ 2,000. 200 ಇದ್ರೆ 3,000. 300 ಇದ್ರೆ 4,000. ಪ್ರತಿ ನೂರಕ್ಕೂ ಸರಿಯಾಗಿ ಸಾವಿರ. ಪರದೆ ಮೇಲಿನ ಶೇಕಡಾ ಹೆದರಿಸುತ್ತೆ, ಲೆಕ್ಕ ಹಾಕಿದ್ರೆ ಸಮಾಧಾನ ಆಗುತ್ತೆ.

ಹಾಗಾದ್ರೆ ಕತ್ತಿನಾ, ಕವಚನಾ? ತಮ್ಮಾ, ನೀನು ಎರಡು ಏಟಿಗೆ ಸಾಯ್ತೀನಿ ಅಂದೆ. ಕವಚ ಹಾಕಿದ ಮೇಲೆ ಮೂರು ಏಟು ತಡೆಯೋ ಹಾಗಾದ್ರೆ ಆ ಒಂದು ಏಟಿನ ಬಿಡುವಲ್ಲಿ ಪೋಶನ್ ಕುಡೀಬಹುದು. ಆಗ ಕವಚಕ್ಕೆ ಹಾಕು. ಇರೋ ಕಲ್ಲೆಲ್ಲ ಹಾಕಿದ ಮೇಲೂ ಎರಡೇ ಏಟಿಗೆ ಸಾಯೋದಾದ್ರೆ, ಒಂದೂವರೆ ಏಟು ತಡೆಯೋ ಕವಚ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಆಗ ಕತ್ತಿಗೆ ಹಾಕಿ ಯುದ್ಧವನ್ನೇ ಬೇಗ ಮುಗಿಸು, ತಪ್ಪಿಸಿಕೊಳ್ಳೋದನ್ನ ಕಲಿ. ಅರ್ಧ ಏಟಿಗೆ ಯುದ್ಧದಲ್ಲಿ ಬೆಲೆ ಇಲ್ಲ. ಮುಖ್ಯವಾದ ಇನ್ನೊಂದು: ನಿನ್ನ ಆಟದಲ್ಲಿ ಕವಚಕ್ಕೆ ಅಪ್‌ಗ್ರೇಡ್ ಇದೆಯಾ ಅಂತ ಮೊದಲು ನೋಡು. ಆಗಲೇ ಹೇಳಿದ ಎಲ್ಡನ್ ರಿಂಗ್‌ನಲ್ಲಿ ಇಲ್ಲವೇ ಇಲ್ಲ; ಕವಚ ಬದಲಾಯಿಸಬಹುದು, ಬಲಪಡಿಸೋಕಾಗಲ್ಲ.

ಪೋಶನ್: ಆಲೆಮನೆಯ ಹದ

ಪಾಂಡವಪುರ ಕಡೆ ಹುಟ್ಟಿದವರಿಗೆ ಪೋಶನ್ ಅಂದ್ರೇನು ಅಂತ ವಿವರಿಸೋದೇ ಬೇಡ. ಆಲೆಮನೆ ನೋಡಿದ್ದೀರಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದೀತಾ ಇರುತ್ತೆ. ಸುಣ್ಣ ಹಾಕಿ ಕೊಳೆ ತೆಗೀತಾರೆ. ಪಾಕ ಬಂತಾ ಅಂತ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡ್ತಾರೆ. ಒಂದೇ ಗದ್ದೆಯ ಕಬ್ಬು, ಒಂದೇ ಒಲೆ. ಹದ ಗೊತ್ತಿರೋ ಅಜ್ಜ ಇಳಿಸಿದ್ರೆ ಬಂಗಾರದ ಬಣ್ಣದ ಅಚ್ಚು ಬೆಲ್ಲ, ನಾನು ಇಳಿಸಿದ್ರೆ ಅಂಟು.

ಪೋಶನ್ ಬಲಪಡಿಸೋಕೆ ಮೂರು ದಾರಿ ಇವೆ. ಮೊದಲನೇದು ಈ ಅಜ್ಜನ ದಾರಿ, ಅಂದ್ರೆ ಮಾಡುವವನ ಕೌಶಲ ಏರಿಸೋದು. 2011ರ ಸ್ಕೈರಿಮ್ ಆಟದಲ್ಲಿ ಅವೇ ಎರಡು ಗಿಡಮೂಲಿಕೆ ಬೆರೆಸಿದ್ರೂ, ನಿಮ್ಮ ರಸವಿದ್ಯೆಯ ಮಟ್ಟ ಏರಿದಂಗೆಲ್ಲ ಔಷಧಿ ಜೋರಾಗುತ್ತೆ. ಕಮ್ಮಾರಿಕೆಯ ಕೈಚಳಕ ಹೆಚ್ಚಿಸೋ ಪೋಶನ್ನೂ ಅಲ್ಲಿದೆ. ಕೆಲವೇ ಸೆಕೆಂಡು ಇರುತ್ತೆ, ಆದ್ರೆ ಕುಡಿದ ಕೂಡಲೇ ಸಾಣೆಕಲ್ಲಿನ ಮುಂದೆ ನಿಂತು ಕತ್ತಿ ಹರಿತ ಮಾಡಿದ್ರೆ ಆ ಹರಿತ ಶಾಶ್ವತ. ಔಷಧಿ ಮುಗಿದ್ರೂ ಕತ್ತಿ ಹಾಗೇ ಉಳಿಯುತ್ತೆ. ಮುಗಿದುಹೋಗುವ ವಸ್ತುವನ್ನು ಉಳಿಯುವ ವಸ್ತುವಾಗಿ ಬದಲಾಯಿಸೋದು, ಒಳ್ಳೆ ವ್ಯಾಪಾರ ಅಂದ್ರೆ ಇದೇ.

ಎರಡನೇದು ಮತ್ತು ಮೂರನೇದು ಸಂಖ್ಯೆ ಮತ್ತು ಸತ್ವ. ಎಲ್ಡನ್ ರಿಂಗ್‌ನ ಔಷಧಿ ಸೀಸೆಗಳನ್ನ ಒಂದು ಬೀಜದಿಂದ ಸಂಖ್ಯೆಯಲ್ಲಿ ಹೆಚ್ಚಿಸಬಹುದು, ಒಟ್ಟು 14ರವರೆಗೆ. ಒಂದು ಹನಿಯಿಂದ ಸತ್ವ ಹೆಚ್ಚಿಸಬಹುದು, +12ರವರೆಗೆ. ನಿಮ್ಮ ಜೀವ 500 ಇದ್ದು ಒಂದು ಸೀಸೆ ಈಗಾಗ್ಲೇ 500 ತುಂಬಿಸುತ್ತೆ ಅಂದ್ರೆ, ಸತ್ವ ಹೆಚ್ಚಿಸಿ ಏನು ಸುಖ? ಚೊಂಬಿಗಿಂತ ಜಾಸ್ತಿ ನೀರು ಚೊಂಬಲ್ಲಿ ನಿಲ್ಲಲ್ಲ. ಆಗ ಬೇಕಾಗೋದು ಸಂಖ್ಯೆ. ಮತ್ತೆ ಅದೇ ಪ್ರಶ್ನೆ: ಕಟ್ಟಿಕೊಂಡಿರೋದು ಎಲ್ಲಿ?

ನಾಗಮಂಗಲದ ತಂಗಿ, ಇದು ನಿನಗೆ. ನಮ್ಮಮ್ಮ ಮದುವೆಗೆ ಬಂದ ಹೊಸ ಪಾತ್ರೆಗಳನ್ನ ಅಟ್ಟದ ಮೇಲೆ ಇಟ್ಟಿದ್ದಾರೆ. ‘ಯಾರಾದ್ರೂ ಬಂದಾಗ ತೆಗೆಯೋಣ’ ಅಂತ. ಇಪ್ಪತ್ತೆಂಟು ವರ್ಷದಿಂದ ಅಷ್ಟು ದೊಡ್ಡ ನೆಂಟರು ಯಾರೂ ಬಂದಿಲ್ಲ. ನಿನ್ನ ಪೋಶನ್ನೂ ಅಷ್ಟೇ. ಕೊನೇ ಬಾಸ್ ಸತ್ತ ದಿನ ಬ್ಯಾಗಲ್ಲಿ ಉಳಿದ ಪೋಶನ್ ಬೆಲೆ ಸೊನ್ನೆ. ನಾನು ಒಂದು ನಿಯಮ ಇಟ್ಕೊಂಡಿದ್ದೀನಿ: ಯಾವುದೇ ಪೋಶನ್ ಹತ್ತು ದಾಟಿದ್ರೆ ಹನ್ನೊಂದನೇದು ಉಳಿತಾಯ ಅಲ್ಲ, ಬಳಸಬೇಕಾದ್ದು. ಇನ್ನು ಕೆಲವು ಆಟಗಳಲ್ಲಿ ಕೂಡಿಡೋದಕ್ಕೆ ಅರ್ಥವೇ ಇಲ್ಲ. 2015ರ ವಿಚರ್ 3ರಲ್ಲಿ ಒಂದು ಔಷಧಿಯನ್ನ ಒಮ್ಮೆ ತಯಾರಿಸಿದ್ರೆ ಸಾಕು. ಆಮೇಲೆ ಚೀಲದಲ್ಲಿ ಕಟುವಾದ ಮದ್ಯ ಇದ್ದು, ಧ್ಯಾನಕ್ಕೆ ಕೂತು ಎದ್ರೆ ಸೀಸೆಗಳು ತಾವೇ ತುಂಬಿಕೊಳ್ತವೆ. ಅಲ್ಲಿ ಮಿತಿ ಇರೋದು ವಿಷದ ಪ್ರಮಾಣದಲ್ಲಿ. ಒಟ್ಟಿಗೇ ತುಂಬಾ ಕುಡಿದ್ರೆ ಮೈಗೇ ವಿಷ. ಅಮೃತವೂ ಮಿತಿ ಮೀರಿದ್ರೆ ವಿಷ ಅಂತ ನಮ್ಮಜ್ಜಿ ಹೇಳ್ತಿದ್ದದ್ದನ್ನ ಯಾವುದೋ ಪೋಲೆಂಡಿನ ಕಂಪನಿ ಆಟ ಮಾಡಿಟ್ಟಿದೆ.

ಅದೃಷ್ಟದ ಕುಲುಮೆ, ಮತ್ತು ನನ್ನ 2,360 ರೂಪಾಯಿ

ಇಲ್ಲಿವರೆಗೂ ಹೇಳಿದ್ದು ಕಲ್ಲು ಹಾಕಿದ್ರೆ ಅಪ್‌ಗ್ರೇಡ್ ಗ್ಯಾರಂಟಿ ಆಗೋ ಆಟಗಳು. ಫೋನಲ್ಲಿ ಪುಕ್ಕಟೆ ಸಿಗೋ ಎಷ್ಟೋ ಆಟಗಳು ಹಾಗಿಲ್ಲ. ಅಲ್ಲಿ ಅಪ್‌ಗ್ರೇಡ್ ಅಂದ್ರೆ ಪ್ರಯತ್ನ. ಆಗಬಹುದು, ಆಗದೇ ಇರಬಹುದು, ಕತ್ತಿ ಒಡೆದೂ ಹೋಗಬಹುದು.

ನನ್ನ ಕಥೆ ಹೇಳ್ತೀನಿ. ಬಿ.ಕಾಂ. ಎರಡನೇ ವರ್ಷ. ಆಟದ ಹೆಸರು ಬೇಡ. ನನ್ನ ಕತ್ತಿ +8 ಇತ್ತು. +9 ಆಗೋ ಸಾಧ್ಯತೆ ಶೇ. 10 ಅಂತ ಅಲ್ಲೇ ಬರೆದಿತ್ತು. ಆಗದಿದ್ರೆ ಕತ್ತಿ ಒಡೆಯುತ್ತೆ. ಒಡೆಯದಂತೆ ರಕ್ಷಣೆ ಚೀಟಿ ಕೊಳ್ಳಬಹುದು. ಕಲ್ಲು, ಚೀಟಿ ಎಲ್ಲ ಸೇರಿ ಒಂದು ಪ್ರಯತ್ನಕ್ಕೆ 118 ರೂಪಾಯಿ ಬೀಳ್ತಿತ್ತು. ನನ್ನ ತಲೆಯಲ್ಲಿದ್ದ ಲೆಕ್ಕ: ಶೇ. 10 ಅಂದ್ರೆ ಹತ್ತು ಸಲಕ್ಕೆ ಒಂದು ಸಲ ಆಗೇ ಆಗುತ್ತೆ, ಅಂದ್ರೆ 1,180 ರೂಪಾಯಿ.

ಹತ್ತು ಸಲ ಆಯ್ತು, ಆಗಲಿಲ್ಲ. ಆವಾಗ ಮನಸ್ಸು ಏನನ್ನುತ್ತೆ ಗೊತ್ತಾ? ‘ಇಷ್ಟು ಸಲ ಆಗಿಲ್ಲ, ಇನ್ನು ಆಗಲೇಬೇಕು.’ ಇನ್ನೊಂದು ಕಡೆಯಿಂದ, ‘ಇಷ್ಟು ಹಾಕಿದ್ದೀಯ, ಈಗ ಬಿಟ್ರೆ ಎಲ್ಲ ವೇಸ್ಟ್.’ ಇಪ್ಪತ್ತು ಸಲ ಆಯ್ತು. 2,360 ರೂಪಾಯಿ. ಅದು ಅಪ್ಪ ಪರೀಕ್ಷೆ ಫೀಸಿಗೆ ಅಂತ ಕೊಟ್ಟಿದ್ದ ದುಡ್ಡು. ಆ ವರ್ಷ ನಮಗೆ ಕಬ್ಬಿನ ದುಡ್ಡು ಬರೋದು ತಡ ಆಗಿತ್ತು, ಅಪ್ಪ ಅದನ್ನ ಯಾರತ್ರನೋ ಕೈಸಾಲ ತಂದಿದ್ರು. ಬೆಳಗಿನ ಜಾವ ಎರಡೂವರೆಗೆ ಒಂದು ಕಲ್ಲು ಉಳಿದಿತ್ತು, ಚೀಟಿ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಗೇ ಒತ್ತಿದೆ. ಕತ್ತಿ ಒಡೀತು.

ಅಪ್ಪಂಗೆ ಹೇಳೋ ಧೈರ್ಯ ಬರಲಿಲ್ಲ. ಅಕ್ಕನತ್ರ ಹೋದೆ. ಅವಳು ಬೈಯಲಿಲ್ಲ. ಫೀಸು ಕಟ್ಟಿ ಬಂದು ಒಂದೇ ಮಾತು ಹೇಳಿದ್ಲು. “ಅಲ್ಲ ಕಣೋ, ಕಾಸ್ಟ್ ಅಕೌಂಟಿಂಗ್ ಪರೀಕ್ಷೆಗೇ ತಾನೆ ಈ ಫೀಸು?”

ಹೌದು. ಆ ಪುಸ್ತಕದಲ್ಲೇ ಇತ್ತು. ಸಂಕ್ ಕಾಸ್ಟ್, ಅಂದ್ರೆ ಮುಳುಗಿಹೋದ ಖರ್ಚು. ವಾಪಸ್ ಬರದ ದುಡ್ಡನ್ನ ಮುಂದಿನ ತೀರ್ಮಾನಕ್ಕೆ ಎಳೆದು ತರಬಾರದು. ಇಪ್ಪತ್ತೊಂದನೇ ಸಲ ಒತ್ತುವಾಗ ನನ್ನ ಮುಂದಿದ್ದ ಪ್ರಶ್ನೆ ‘ಶೇ. 10ರ ಅವಕಾಶಕ್ಕೆ ಈ ಕತ್ತಿಯನ್ನ ಪಣಕ್ಕಿಡಲಾ’ ಅನ್ನೋದು ಮಾತ್ರ. ಹಿಂದಿನ 2,360ಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಈಗ ಶೇ. 10ರ ಸರಿಯಾದ ಲೆಕ್ಕ. ಒಂದು ಸಲ ಸೋಲೋ ಸಾಧ್ಯತೆ 0.9. ಹತ್ತು ಸಲವೂ ಸೋಲೋದಕ್ಕೆ 0.9 ಅನ್ನು ಹತ್ತು ಸಲ ಗುಣಿಸಿ: ಸುಮಾರು 0.35. ಅಂದ್ರೆ ಹತ್ತತ್ತು ಸಲ ಪ್ರಯತ್ನಿಸಿದ ನೂರು ಜನರಲ್ಲಿ 35 ಜನ ಬರಿಗೈ. ಇಪ್ಪತ್ತು ಸಲವೂ ಸೋಲೋದು ಸುಮಾರು 0.12. ನೂರಕ್ಕೆ 12 ಜನ. ನನಗೆ ಆಗಿದ್ದು ಮಹಾ ದುರದೃಷ್ಟವೇನಲ್ಲ, ಒಂದು ದೊಡ್ಡ ತರಗತಿಯಲ್ಲಿ ಹತ್ತು ಹನ್ನೆರಡು ಹುಡುಗರಿಗೆ ಆಗೋ ಅಂಥದ್ದು. ಹಾಗೇ ‘ಇಷ್ಟು ಸಲ ಆಗಿಲ್ಲ, ಇನ್ನು ಆಗಲೇಬೇಕು’ ಅನ್ನೋದೂ ಸುಳ್ಳು. ಚೌಕಾಬಾರ ಆಡಿದ್ದೀರಲ್ಲ? ಕವಡೆಗೆ ಜ್ಞಾಪಕಶಕ್ತಿ ಇಲ್ಲ. ಹೋದ ಸಲ ಎಷ್ಟು ಬಿತ್ತು ಅಂತ ಅದಕ್ಕೆ ಗೊತ್ತಿರಲ್ಲ.

ಕೆಲವು ಆಟಗಳು ಮಾತ್ರ ಲೆಕ್ಕ ಇಟ್ಕೊಳ್ತವೆ. 2020ರ ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ನಕ್ಷತ್ರದ ಪಾತ್ರ ಸಿಗೋ ಮೂಲ ಸಾಧ್ಯತೆ ಶೇ. 0.6. ಆದ್ರೆ 89 ಸಲ ಸಿಗದಿದ್ರೆ 90ನೇದಕ್ಕೆ ಐದು ನಕ್ಷತ್ರದ್ದು ಒಂದು ಗ್ಯಾರಂಟಿ. ನಿಮ್ಮ ಆಟ ಕವಡೆ ಜಾತಿಯದಾ, ಲೆಕ್ಕ ಇಡೋ ಜಾತಿಯದಾ? ದುಡ್ಡು ಹಾಕೋ ಮುಂಚೆ ಇದು ಗೊತ್ತಿರಬೇಕು. ಲೆಕ್ಕ ಇಡೋದಾದ್ರೆ 1ನೇ ಪ್ರಯತ್ನದ ಬೆಲೆ ನೋಡಬೇಡಿ, 90ನೇ ಪ್ರಯತ್ನದವರೆಗಿನ ಒಟ್ಟು ಬೆಲೆ ನೋಡಿ. ಅಷ್ಟು ಕೊಡೋಕೆ ಆಗಲ್ಲ ಅಂದ್ರೆ ಶುರುವೇ ಮಾಡಬೇಡಿ.

ಹೊರದೇಶಗಳು ಇದನ್ನ ಹಗುರವಾಗಿ ತಗೊಂಡಿಲ್ಲ. ಜಪಾನ್ 2012ರಲ್ಲೇ ಒಂದು ಬಗೆಯ ಅದೃಷ್ಟದ ಡಬ್ಬಿಗೆ ತಡೆ ಹಾಕಿತು. ಚೀನಾ 2017ರಿಂದ ಸಾಧ್ಯತೆಯನ್ನು ಬಹಿರಂಗ ಮಾಡಲೇಬೇಕು ಅಂದಿತು. ಅದೇ ವರ್ಷದ ಕೊನೆಗೆ ಆಪಲ್ ತನ್ನ ಆಪ್ ಸ್ಟೋರ್‌ಗೂ ಆ ನಿಯಮ ತಂತು. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯೋ ಇಂಥ ಡಬ್ಬಿಗಳು ಜೂಜು ಅಂತಲೇ ಹೇಳಿತು. 2022ರಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಬಂದಾಗ ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿ ಬಿಡುಗಡೆಯೇ ಆಗಲಿಲ್ಲ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆ ಮಾಡಿತು. ಅದು ಮುಖ್ಯವಾಗಿ ಗುರಿ ಇಟ್ಟಿರೋದು ಹಣ ಕಟ್ಟಿ ಹಣ ಗೆಲ್ಲೋ ಆಟಗಳ ಮೇಲೆ. ಕತ್ತಿಗೆ ಕಲ್ಲು ಕೊಳ್ಳೋನು ಹಣ ಗೆಲ್ಲೋಕೆ ಅಂತ ಕೊಳ್ಳಲ್ಲ. ಹಾಗಾಗಿ ಇಲ್ಲಿ ನಿಮ್ಮ ಜೇಬಿಗೆ ಮೊದಲ ಕಾವಲುಗಾರ ನೀವೇ.

ಜಮಾ ಖರ್ಚು

ಮುಗಿಸೋ ಮುಂಚೆ ನಾನು ಈಗ ಪಾಲಿಸೋ ನಾಲ್ಕು ವಿಷಯ ಹೇಳ್ತೀನಿ.

ಒಂದು, ಬೆಲೆಯನ್ನ ಯಾವಾಗ್ಲೂ ರೂಪಾಯಿಗೆ ತಿರುಗಿಸಿ ನೋಡ್ತೀನಿ. ಆಟಗಳು ಹರಳು, ರತ್ನ, ನಾಣ್ಯ ಅಂತ ಬೇರೆ ಹೆಸರಲ್ಲಿ ಬೆಲೆ ಇಡೋದು, ನಿಮಗೆ ರೂಪಾಯಿ ಮರೆತುಹೋಗಲಿ ಅಂತ. 300 ಹರಳು ಅಂದ್ರೆ ಖುಷಿಯಾಗಿ ಒತ್ತೋ ಬೆರಳು, ‘ಮೂರು ದಿನದ ಬಸ್ ಚಾರ್ಜು’ ಅಂದ್ರೆ ನಿಲ್ಲುತ್ತೆ.

ಎರಡು, ಮಿತಿಯನ್ನ ಆಡೋ ಮುಂಚೆ ಹಾಕ್ತೀನಿ. ರಾತ್ರಿ ಎರಡೂವರೆಗೆ ಯಾರೂ ಒಳ್ಳೆ ತೀರ್ಮಾನ ಮಾಡಲ್ಲ. ಪ್ಲೇ ಸ್ಟೋರ್‌ನಲ್ಲಿ ತಿಂಗಳ ಬಜೆಟ್ ಇಡೋಕೂ, ಪ್ರತಿ ಖರೀದಿಗೆ ಪಾಸ್‌ವರ್ಡ್ ಕೇಳೋ ಹಾಗೆ ಮಾಡೋಕೂ ಅವಕಾಶ ಇದೆ. ಅಪ್ಪ ಅಮ್ಮನ ಫೋನಲ್ಲಿ ಆಡೋರಂತೂ ಇವತ್ತೇ ಮಾಡಿ.

ಮೂರು, ಒಡೆದರೆ ಅಳು ಬರೋ ಕತ್ತಿಯನ್ನ ಅದೃಷ್ಟದ ಕುಲುಮೆಗೆ ಹಾಕಲ್ಲ. +8ರಲ್ಲೇ ಚೆನ್ನಾಗಿ ಆಡಬಹುದು.

ನಾಲ್ಕು, ಸೋತಾಗ ಕಲ್ಲು ಹುಡುಕೋ ಮುಂಚೆ ಯಾಕೆ ಸೋತೆ ಅಂತ ನೋಡ್ತೀನಿ. ಏಟು ಸಾಲದಾ, ತಡೆ ಸಾಲದಾ, ಔಷಧಿ ಸಾಲದಾ, ಇಲ್ಲ ನನ್ನ ಕೈಯೇ ಸಾಲದಾ? ನಾಲ್ಕನೇದಾದ್ರೆ ಅಭ್ಯಾಸ ಪುಕ್ಕಟೆ.

ಆ 2,360 ರೂಪಾಯಿನ ಅಕ್ಕಂಗೆ ಮೊದಲ ಸಂಬಳದಲ್ಲಿ ಕೊಟ್ಟೆ. ಅವಳು ತಗೊಳ್ಳಲಿಲ್ಲ, “ಅಪ್ಪಂಗೆ ಕೊಡು” ಅಂದ್ಲು. ಅಪ್ಪಂಗೆ ಕೊಟ್ಟಾಗ “ಇದೇನ್ಲಾ ಈ ಚಿಲ್ಲರೆ ಲೆಕ್ಕ, ಎರಡು ಸಾವಿರದ ಮುನ್ನೂರ ಅರವತ್ತು?” ಅಂದ್ರು. ಅವತ್ತು ಹೇಳಿದೆ, ಎಲ್ಲಾನೂ. ಸ್ವಲ್ಪ ಹೊತ್ತು ಸುಮ್ನಿದ್ದು, “ಕತ್ತಿ ಚೆನ್ನಾಗಿತ್ತಾ?” ಅಂತ ಕೇಳಿದ್ರು. ಚೆನ್ನಾಗಿತ್ತು ಅಪ್ಪ, ಅಂದೆ.

ಕೆ.ಆರ್. ಪೇಟೆ ತಮ್ಮ, ಬಾಸ್ ಸತ್ತ ದಿನ ವಾಯ್ಸ್ ಮೆಸೇಜ್ ಹಾಕು. ನಾಗಮಂಗಲದ ತಂಗಿ, ಇವತ್ತು ರಾತ್ರಿ ಒಂದಾದ್ರೂ ಪೋಶನ್ ಕುಡೀಬೇಕು, ನೋಡು. ಉಳಿದೋರೆಲ್ಲ, ಬಸ್ ಇಳಿಯೋ ಸ್ಟಾಪ್ ದಾಟಿ ಹೋಗಿಲ್ಲ ತಾನೆ? ಮುಂದಿನ ವಾರ ಸಿಗೋಣ. ನಮಸ್ಕಾರ.